ಕಪ್ಪಾದ ಬೆಳ್ಳಿ ಚಮಚ

ಮಕ್ಕಳೇ, ಕಾಗವಾಡದಲ್ಲಿ ನಮ್ಮ ನೆರೆಮನೆಯ ಕಾಕಾ ಬ್ರಿಟಿಷರ ಕಾಲದ ಬೆಳ್ಳಿ ಚಮಚ, ತಟ್ಟೆಗಳನ್ನು ಕೂಡಿಸುತ್ತಿದ್ದರು. ಧೋತರದ ತುದಿಯಿಂದ ಒರೆಸಿ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಅವುಗಳ ಆಸೆಗೆ ಯಾರಾದರೂ ತಮಗೆ ವಿಷ ಹಾಕಿಯಾರೆಂಬ ಭಯ ಅವರಿಗೆ. ವಿಷ ತಾಗಿದರೆ ಬೆಳ್ಳಿ ಕಪ್ಪಾಗುತ್ತದೆಂದು ನಂಬಿ, ಯಾರು ಏನು ಕೊಟ್ಟರೂ ಮೊದಲು ಚಮಚ ಅದ್ದುತ್ತಿದ್ದರು. "ಬೆಳ್ಳಿ ಸುಳ್ಳ ಹೇಳೂದಿಲ್ಲವ್ವಾ" ಎನ್ನುತ್ತಿದ್ದರು.

ಒಮ್ಮೆ ಅವರಿಗೆ ಜ್ವರ ಬಂದಾಗ ಕೋಳಿ ತತ್ತಿಯ ಸಾರು ಒಯ್ದೆ. ಅದ್ದಿದ ಚಮಚ ಕಪ್ಪಾಯಿತು. ತತ್ತಿ ತಾಗಿದರೂ ಬೆಳ್ಳಿ ಕಪ್ಪಾಗುತ್ತದೆಂದು ಆಗ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

"ಕಾಕಾ, ನಾ ಏನೂ ಹಾಕಿಲ್ರೀ."

ಅವರು ಚಮಚ ನೋಡಿದರು, ನನ್ನನ್ನು ನೋಡಿದರು.

"ಇವತ್ತ ಬೆಳ್ಳಿ ಸುಳ್ಳ ಹೇಳೇತವ್ವಾ" ಎಂದು, ಅದೇ ಚಮಚದಿಂದ ಉಂಡರು.

ಮರುದಿನ ಅವರ ಬಾಗಿಲು ತೆರೆದ ಸದ್ದು ಕೇಳುವತನಕ ನಾನು ನನ್ನ ಸಾರಿಗೇ ಹೆದರಿದ್ದೆ.