ಕೋಣದ ಹಣೆಗೆ ನಾನು ಎಳೆದ ಗೆರೆ

ಚರ್ಚಾಸ್ಪರ್ಧೆಯಲ್ಲಿ ನನಗೆ ಯಾವ ಪಕ್ಷ ಕೊಟ್ಟರೂ ನಡೆಯುತ್ತದೆ. ಎರಡನ್ನೂ ನಾನು ನಂಬುವುದಿಲ್ಲ. ಆ ಸಲ ಶಿಗ್ಗಾವಿಯಲ್ಲಿ ವಿಷಯ: ವಧೆಗೆ ಮೊದಲು ಜಾನುವಾರುಗಳ ಪ್ರಜ್ಞೆ ತಪ್ಪಿಸುವುದು ಕಡ್ಡಾಯವಾಗಬೇಕು. ನನ್ನದು ‘ಪರ’. ಓದಿದೆ. ಬಲಗಣ್ಣಿನಿಂದ ಎಡಗೋಡಿನ ಬುಡಕ್ಕೆ, ಎಡಗಣ್ಣಿನಿಂದ ಬಲಗೋಡಿನ ಬುಡಕ್ಕೆ ಗೆರೆ ಎಳೆದರೆ, ಎರಡೂ ಕೂಡುವಲ್ಲಿ ಯಂತ್ರದ ಮೊಳೆ ಬಡಿಯಬೇಕಂತೆ. ನೋವು ತಿಳಿಯುವ ಮೊದಲೇ ಪ್ರಾಣಿಗೆ ಎಚ್ಚರ ತಪ್ಪುತ್ತದಂತೆ. ‘ಅಂತೆ’ ಅಂದರೆ ನನಗೆ ಸಾಲದು. ಓದಿದ ಪುಸ್ತಕದ ಚಿತ್ರದಲ್ಲಿದ್ದದ್ದು ಎತ್ತು. ಕೋಣದ ಕೋಡುಗಳು ಹಿಂದಕ್ಕೆ ಬಾಗಿರುತ್ತವಲ್ಲ, ಅಲ್ಲಿ ಈ ಗೆರೆ ಹೇಗೆ ಕೂಡುತ್ತದೆ? ಎದುರಾಳಿ ಸವಣೂರಿನವಳು, ಇಂಥದ್ದನ್ನೇ ಕೇಳುತ್ತಾಳೆ.

ಆಡೂರಿನ ಹತ್ತಿರದ ನಮ್ಮ ಮನೆಯ ಹಿತ್ತಲಲ್ಲಿ ಒಂದು ಹರೆಯದ ಕೋಣವಿತ್ತು. ಅಪ್ಪ ಅದನ್ನು ಮಾರಬೇಕೆಂದಿದ್ದ, ಆದರೆ ಕಡಿಯುವವರಿಗಲ್ಲ. “ನಾ ಸಾಕಿದ್ದು ದುಡದ ತಿನ್ನಲಿ” ಎಂದು ಅವನ ಹಠ. ಈಗ ಕೋಣ ದುಡಿಸುವವರು ಯಾರಿದ್ದಾರೆ? ಕಡೆಗೂ ಮಾಸೂರಿನವನೊಬ್ಬ ಸಿಕ್ಕಿದ್ದ. ಅವನದು ಕೆರೆಯ ಕೆಳಗಿನ ಗದ್ದೆ, ಅದರ ಕೆಸರಿನಲ್ಲಿ ಟ್ರ್ಯಾಕ್ಟರ್ ಹೂತುಹೋಗುತ್ತದೆ. ಇವನೂ ಬೇಡವೆಂದರೆ ಉಳಿದದ್ದು ಸಂತೆ. ಅಲ್ಲಿಂದ ಮುಂದಿನದನ್ನು ಅಪ್ಪ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಅವನು ಬರುವ ದಿನ ಬೆಳಿಗ್ಗೆಯೇ ನನಗೆ ಸಂಶೋಧನೆಯ ಹುಕಿ. ಬಡಿಗ್ಯಾರು ಹಲಗೆಗೆ ದಾರ ಮಿಡಿಯುವಂತೆ, ಅರಿಷಿಣದಲ್ಲಿ ಅದ್ದಿದ ದಾರ ಹಿಡಿದು ಕೋಣದ ಎದುರು ನಿಂತೆ. ಮೊದಲ ಗೆರೆ ಬಿತ್ತು. ಎರಡನೆಯದಕ್ಕೆ ಅದು ತಲೆ ಕೊಡವಿತು. ಬಟ್ಟಲು ಹಾರಿ ಅರಿಷಿಣವೆಲ್ಲ ಅದರ ಹಣೆಯ ಮೇಲೆ. ಸಂಶೋಧನೆಯ ಫಲಿತಾಂಶ: ಹಳದಿ ಕೋಣ.

ಅಷ್ಟರಲ್ಲಿ ಮಾಸೂರಿನವನು ಬಂದ. ನೋಡಿದವನೇ ಚಪ್ಪಲಿ ಬಿಟ್ಟು ಕೈ ಮುಗಿದ.

ನಮ್ಮ ಕಡೆ ಕೋಣದ ಹಣೆಗೆ ಭಂಡಾರ, ಅಂದರೆ ದೇವರ ಅರಿಷಿಣ, ಬಿದ್ದರೆ ಅದು ಊರದೇವಿ ದ್ಯಾಮವ್ವನಿಗೆ ಬಿಟ್ಟದ್ದು. ಜಾತ್ರೆಯಲ್ಲಿ ಅವಳ ಮುಂದೆ ಕಡಿಯುವ ತನಕ ಅದಕ್ಕೆ ನೊಗ ಹೂಡುವಂತಿಲ್ಲ, ಯಾರ ಹೊಲ ಮೇಯ್ದರೂ ಹೊಡೆಯುವಂತಿಲ್ಲ. ಇದು ನನಗೆ ಗೊತ್ತಿತ್ತು. ನೆನಪಾದದ್ದು ಅವನು ಕೈ ಮುಗಿದಾಗ.

“ಏನ್ರಿ ಅಣ್ಣಾರ, ತಾಯಿ ಪಾಲಿಂದು ನನಗ ಮಾರಾಕತ್ತೀರಿ? ನನ್ನ ಮನಿ ಉಳೀಬೇಕೋ ಬ್ಯಾಡೋ?”

ಅಪ್ಪ ನನ್ನ ಕಡೆ ನೋಡಿದ. ನಾನು ಮುಂದೆ ಬಂದೆ. “ಕಾಕಾ, ಇದು ಭಂಡಾರ ಅಲ್ರಿ. ಅಡಗಿ ಮನಿ ಅರಿಷಿಣ.”

“ಭಂಡಾರ ಮತ್ತ ಎದರ್ದು ಇರತೈತಿ ತಂಗಿ?”

ಒಳ್ಳೆಯ ಪ್ರಶ್ನೆ. ವಾದ ಬದಲಿಸಿದೆ. “ಪೂಜಿ ಮಾಡಿದ್ದಲ್ರಿ. ಕಡಿಯೂಕಿಂತ ಮೊದಲ ಎಲ್ಲಿ ಬಡದ್ರ ಎಚ್ಚರ ತಪ್ಪತೈತಿ ಅಂತ ನೋಡಾಕತ್ತಿದ್ದೆ.”

“ಯಪ್ಪಾ! ಕಡ್ಯೂದು ಖರೇನ ಅಂದಂಗಾತು!”

“ಹಂಗಲ್ರಿ, ಅದಕ್ಕ ನೋವಾಗಬಾರ್ದು ಅಂತ...”

“ಏ ಖೋಡಿ, ಬಾಯಿ ಮುಚ್ಚ!” ಒಳಗಿಂದ ಅವ್ವ.

ಸ್ಪರ್ಧೆಯಲ್ಲಾದರೆ ಗಂಟೆ ಬಾರಿಸುತ್ತಾರೆ. ನಾನು ಗಂಟೆಗೂ ನಿಂತವಳಲ್ಲ. ದೇವರಿಗೆ ಬಿಟ್ಟದ್ದಕ್ಕೆ ಪುರಾವೆ ಎಲ್ಲಿ ಎಂದು ಕೇಳಿದೆ. ಹಳದಿ ಇದ್ದದ್ದೆಲ್ಲ ದೇವರದಾದರೆ ಸಾಲಿ ಬಸ್ಸೂ ದ್ಯಾಮವ್ವನದೇ ಎಂದೆ. ಅವನು ಬಸ್ಸಿಗೂ ಕೈ ಮುಗಿಯುವವನಂತೆ ಕಂಡ. ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟ. ಅಪ್ಪನ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಈ ಗದ್ದಲದಲ್ಲಿ ಕೋಣದ ಹಗ್ಗ ಯಾರೂ ಹಿಡಿದಿರಲಿಲ್ಲ. ಅದು ಗಂಭೀರವಾಗಿ ನಡೆದು ಹೋಗಿ ಅವ್ವನ ಮೆಂತೆ ಮಡಿಗೆ ಬಾಯಿ ಹಾಕಿತು. ಅವ್ವ ಕಸಬರಿಗೆ ಹಿಡಿದು ಹೊರಗೆ ಹಾರಿದಳು.

“ನಿನ್ನ ಬಾಯಾಗ ಮಣ್ಣ ಬೀಳ್ಳಿ! ನಿನ್ನ ಹೊಟ್ಟಿ ಹರೀಲಿ!” ಮೂತಿಗೆ, ಬೆನ್ನಿಗೆ, ಹಳದಿ ಹಣೆಗೆ, ಪಟಪಟ ಏಟು.

ಮಾಸೂರಿನವನು ತಿರುಗಿ ನಿಂತ. “ಅಕ್ಕಾರ, ತಾಯಿ ಕ್ವಾಣಕ್ಕ ಕಸಬರಿಗಿಲೆ ಹೊಡೀತೀರೇನ್ರಿ?”

“ಯಾವ ತಾಯಿದೋ ಯಣ್ಣಾ! ಒಯ್ಯೂದಿದ್ರ ಇದನ್ನ ಒಯ್ರಿ, ಇಲ್ಲಾ ನನ್ನ ಮೆಂತೆ ಪಲ್ಯೆ ತಂದ ಕೊಡ್ರಿ!”

ಅವನು ಕೋಣ ನೋಡಿದ, ಕಸಬರಿಗೆ ನೋಡಿದ. ಬಾಯಿ ಸುಳ್ಳು ಹೇಳಬಹುದು. ದೇವರ ಕೋಣಕ್ಕೆ ಯಾವ ಹೆಣ್ಣುಮಗಳೂ ಕಸಬರಿಗೆ ಎತ್ತುವುದಿಲ್ಲ.

“ಹಂಗಾರ ಒಯ್ತೇನಿ” ಎಂದ. ಆಮೇಲೆ ನನ್ನ ಕಡೆ ಬೆರಳು ಮಾಡಿದ. “ಆದ್ರ ಈ ತಂಗಿ ಇನ್ನೊಂದ ಮಾತ ಆಡಿದ್ರ ಇಲ್ಲೇ ಬಿಟ್ಟ ಹೋಗ್ತೇನಿ ನೋಡ್ರಿ.”

ಕೋಣವನ್ನು ಟೆಂಪೊ ಹತ್ತಿಸುತ್ತ ಅವನು ಅಪ್ಪನಿಗೆ ಹೇಳಿದ: “ಟ್ರ್ಯಾಕ್ಟರ್ ಹೊಡದ ಗದ್ದ್ಯಾಗಿನ ಅಕ್ಕಿ ತಿಂದ್ರ ಮೊಣಕಾಲ ಬ್ಯಾನಿ ಬರತೈತ್ರಿ.”

ಬೇರೆ ದಿನವಾಗಿದ್ದರೆ ಈ ಮಾತಿಗೆ ಪುರಾವೆ ಕೇಳಿ ಅರ್ಧ ತಾಸು ಅವನನ್ನು ಬಿಡುತ್ತಿರಲಿಲ್ಲ. ಅಪ್ಪ ನನ್ನನ್ನೇ ನೋಡುತ್ತಿದ್ದ. ಟೆಂಪೊದ ಮೇಲಿಂದ ಕೋಣವೂ ನೋಡುತ್ತಿತ್ತು. ನಾನು ಓಢಣಿಯ ತುದಿಯನ್ನು ಬಾಯಿಗೆ ತುರುಕಿಕೊಂಡು, ಗಾಡಿ ಹಿರೇಕೆರೂರಿನ ದಾರಿಗೆ ಹೊರಳುವ ತನಕ ಹಾಗೇ ನಿಂತೆ.