ಮನೆಅಳಿಯನ ಹೆಸರು

೧೯೮೭ರ ನವೆಂಬರ್, ಗುರುವಾರ, ಮಧ್ಯಾಹ್ನ ಹನ್ನೆರಡು. ಗಲ್ಫ್‌ನ ಸುವೈಕ್ ಊರಿನ ನಮ್ಮ ಕಚೇರಿಯಲ್ಲಿ ಮೂವರಿದ್ದೆವು: ಟೈಪಿಸ್ಟ್ ಆಗಿದ್ದ ನಾನು, ಸ್ಟೋರ್ ನೋಡಿಕೊಳ್ಳುತ್ತಿದ್ದ ಬ್ಯಾರಿ ಕಾಕಾ, ಬಾವಿಗಳ ನೀರು ಪರೀಕ್ಷಿಸಲು ಅಮೆರಿಕದಿಂದ ಬಂದಿದ್ದ ಮೇಡಂ.

ಗುರುವಾರ ಅರ್ಧ ದಿನ. ಕೆಲಸ ಮುಗಿದೊಡನೆ ಮೇಡಂ ತಮ್ಮ ಅಜ್ಜನ ಬದುಕಿನ ಕಾರ್ಡುಗಳ ಪೆಟ್ಟಿಗೆ ತೆರೆಯುತ್ತಿದ್ದರು. ಫಿನ್‌ಲ್ಯಾಂಡಿನಿಂದ ಹೊರಟು, ಇಂಗ್ಲೆಂಡಿನಲ್ಲಿ ಹಡಗು ಬದಲಿಸಿ, ಅಮೆರಿಕದ ತಾಮ್ರದ ಗಣಿ ಸೇರಿದ ಅಜ್ಜ. ಪ್ರತಿ ಸಂಗತಿಗೊಂದು ಕಾರ್ಡು, ಇಸವಿಯ ಕ್ರಮದಲ್ಲಿ. ಒಂದೂ ಹಿಂದುಮುಂದಾದದ್ದನ್ನು ನಾನು ಕಾಣಲಿಲ್ಲ. ಆ ಶಿಸ್ತಿಗೆ ಈಗಲೂ ಕೈಮುಗಿಯುತ್ತೇನೆ.

ಇಲ್ಲದ್ದು ಮೊದಲ ಕಾರ್ಡು. ಅಜ್ಜ ಹುಟ್ಟಿದ ಮನೆ ಯಾವುದು? ತಮ್ಮ ಕಣ್ಣು ಪೂರ್ತಿ ಹೋಗುವ ಮೊದಲು ಆ ಮನೆಯ ಹೆಸರು ಓದಬೇಕೆಂದು ಮೇಡಂ ತಂದೆ ಬರೆಯುತ್ತಲೇ ಇದ್ದರು. ಫಿನ್‌ಲ್ಯಾಂಡಿನ ಚರ್ಚಿನಿಂದ ಬಂದಿದ್ದ ಉತ್ತರ ಇಷ್ಟು: ನೀವು ಕೊಟ್ಟ ದಿನ ಆ ಹೆಸರಿನ ಗಂಡುಮಗು ಹುಟ್ಟಿದೆ, ಆದರೆ ಮನೆಯ ಹೆಸರು ಬೇರೆ. ಮೇಡಂ ಅದರ ಮೇಲೆ ‘ನಮ್ಮವರಲ್ಲ’ ಎಂದು ಬರೆದು ಪೆಟ್ಟಿಗೆಯ ಕೊನೆಗೆ ಸೇರಿಸಿದ್ದರು.

ಆ ಗುರುವಾರ ಕಾಕಾ ರಜೆಗೆ ಹೊರಟಿದ್ದರು. ಅವರ ಅರ್ಜಿ ಟೈಪ್ ಮಾಡುತ್ತ ಊರಿನ ವಿಳಾಸ ಕೇಳಿದೆ. ಅವರು ಹೇಳಿದ ಮನೆ ಹೆಸರು ಪಾಸ್‌ಪೋರ್ಟಿನದಲ್ಲ.

“ಇದೆಂಥ ಕಾಕಾ, ಮನೆ ಬದಲಾಯ್ತಾ?”

“ನಾನು ಮನೆಅಳಿಯ ಮಾರಾಯ್ರೆ! ತಾಯಿಮನೆ ಹೆಸರು ಹಾಕಿದ್ರೆ ‘ಇಂಥ ಜನ ಇಲ್ಲ’ ಅಂತ ಪೋಸ್ಟ್‌ಮ್ಯಾನ್ ಕಾಗದ ವಾಪಸ್ ಕಳಿಸ್ತಾನೆ.”

“ಹೆಂಡತಿ ಮನೆಯಲ್ಲಿ ಉಂಡು ಹೆಸರೂ ಕಳ್ಕೊಂಡ್ರಾ?”

“ಊಟ ಒಳ್ಳೇದುಂಟಲ್ಲ, ಹೆಸರು ಹೋದ್ರೆ ಹೋಗ್ಲಿ!”

ಇಂಥ ಜನ ಇಲ್ಲ. ನನ್ನ ಬೆರಳು ಅಲ್ಲೇ ನಿಂತಿತು. ಮೇಡಂ ಕಡೆ ತಿರುಗಿ ಇಂಗ್ಲಿಷಿನಲ್ಲಿ ಕೇಳಿದೆ: “ನಿಮ್ಮ ಅಜ್ಜಿಯ ತವರಿನ ಹೆಸರೇನು?”

“ಅಜ್ಜನದೇ ಹೆಸರು. ಸಂಬಂಧದಲ್ಲೇ ಮದುವೆಯಾಗಿರಬೇಕು.”

“ಅಥವಾ ನಿಮ್ಮಜ್ಜ ಈ ಕಾಕಾನ ಹಾಗೆ ಹೆಂಡತಿ ಮನೆಯ ಹೆಸರು ಹಿಡಿದಿರಬೇಕು,” ಎಂದು ಮನೆಅಳಿಯ ಎಂಬುದನ್ನು ಬಿಡಿಸಿ ಹೇಳಿದೆ.

ಮೇಡಂ ಪೆಟ್ಟಿಗೆಯನ್ನು ಹತ್ತಿರ ಎಳೆದುಕೊಂಡರು. “ಅಲ್ಲಿ ಯಾವ ಮನೆಯಲ್ಲಿದ್ದರೆ ಆ ಮನೆಯ ಹೆಸರು ಅಂತ ಅಪ್ಪ ಒಮ್ಮೆ ಹೇಳಿದ್ದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ,” ಎಂದರು. ಕೊನೆಯಲ್ಲಿದ್ದ ಚರ್ಚಿನ ಕಾಗದ ತೆಗೆದು, ‘ನಮ್ಮವರಲ್ಲ’ ಎಂಬುದರಲ್ಲಿ ‘ಅಲ್ಲ’ವನ್ನಷ್ಟೇ ಹೊಡೆದುಹಾಕಿ, ಎಲ್ಲಕ್ಕಿಂತ ಮುಂದೆ ಇಟ್ಟರು. ತಪ್ಪನ್ನು ಅಷ್ಟು ಚೊಕ್ಕವಾಗಿ ಒಪ್ಪಿಕೊಂಡವರನ್ನು ನಾನು ಕಂಡದ್ದು ಕಡಿಮೆ.

ತಂದೆಗೆ ಪತ್ರ ಹೇಳಿ ಬರೆಸಿದರು. ಮಂಜುಗಣ್ಣಿಗೂ ಕಾಣಲೆಂದು ಎಲ್ಲವನ್ನೂ ದೊಡ್ಡಕ್ಷರದಲ್ಲಿ, ಸಾಲು ಬಿಟ್ಟು ಸಾಲಿನಲ್ಲಿ ಹೊಡೆದೆ. ಮನೆಯ ಹೆಸರಿಗೆ ಒಂದು ಇಡೀ ಸಾಲು.

“ಯಲ್ಲಾ, ಬೇಗ ಬೇಗ, ಅಂಚೆ ಕಚೇರಿ ಮುಚ್ತದೆ!” ಕಾಕಾ ಬಾಗಿಲಿಂದ ಕೂಗಿದರು. ಲಕೋಟೆ ಅಂಟಿಸಿ ಅವರ ಕೈಗಿತ್ತು, ಟೈಪ್‌ರೈಟರಿಗೆ ಮುಸುಕು ಹಾಕಿದೆ.