ಬ್ಯಾಟ್ರಿ ಕೋದಂಡಪ್ಪ

ಚಿನ್ನದ ಗಣಿಯೊಳಗೆ ಇಳಿದವನಿಗೆ ಸಿಗುವ ಕೆಲಸ ಮೂರೇ ಮೂರು. ಬಂಡೆ ಕೊರೆಯಬೇಕು, ಇಲ್ಲವೇ ಕಲ್ಲು ತುಂಬಬೇಕು, ಇಲ್ಲವೇ ತುಂಬಿದ ಟಬ್ಬುಗಾಡಿಯನ್ನು ಕಂಬಿಯ ಮೇಲೆ ತಳ್ಳಬೇಕು. ಬೂದಿಕೋಟೆ ಕಡೆಯ ಹಳ್ಳಿಯಿಂದ ಬಂದ ಕೋದಂಡಪ್ಪ ಮೂರನ್ನೂ ಇಪ್ಪತ್ತೆರಡು ವರ್ಷ ಮಾಡಿದ. ಕೊನೆಗೆ ಅವನ ಎದೆಯೊಳಗೆ ಎಷ್ಟು ದೂಳು ಕೂತಿತೆಂದರೆ ನಾಲ್ಕು ಹೆಜ್ಜೆ ಹಾಕಿದರೆ ಗೋಡೆ ಹಿಡಿಯಬೇಕು, ಆರು ಹೆಜ್ಜೆಗೆ ಕೂರಬೇಕು. ಅಂಥವನಿಗೆ ದೇವರು ಕಣ್ಣುಬಿಟ್ಟು ನಾಲ್ಕನೆಯದೊಂದು ಕೆಲಸ ಕೊಟ್ಟ. ಅದು ಕೂತು ಮಾಡುವ ಕೆಲಸ. ಬ್ಯಾಟರಿ ಇಂಜಿನ್ನಿಗೆ ಕರೆಂಟು ತುಂಬಿಸುವುದು.

ಟಬ್ಬುಗಳನ್ನು ಎಳೆಯಲೆಂದು ಐವತ್ತೆಂಟನೇ ಇಸವಿಯಲ್ಲಿ ಆ ಇಂಜಿನ್ ಬಂದಿತ್ತು. ಹೊಗೆಯಿಲ್ಲ, ಬೆಂಕಿಯಿಲ್ಲ. ಅದರ ಹೊಟ್ಟೆಯಲ್ಲಿ ಒಂದು ದೊಡ್ಡ ಡಬ್ಬ, ಡಬ್ಬದೊಳಗೆ ನಲವತ್ತು ಸೆಲ್ಲುಗಳು. ಮಧ್ಯಾಹ್ನ ಎರಡಕ್ಕೆ ಆರುಮುಗಂ ಅನ್ನುವವನು ಬಂದು ರಾತ್ರಿ ಹತ್ತರವರೆಗೆ ಅದನ್ನು ಓಡಿಸುತ್ತಿದ್ದ. ಬೆಳಿಗ್ಗೆ ಆರರಿಂದ ಎರಡರವರೆಗೆ, ಅದು ದಣಿದು ನಿಂತಿರುವಾಗ, ಕೋದಂಡಪ್ಪ ಅದಕ್ಕೆ ಮೇವು ಹಾಕುತ್ತಿದ್ದ. ಮೇವು ಅಂದರೆ ಕರೆಂಟು ಮತ್ತು ನೀರು. ಬ್ಯಾಟರಿಯ ನೀರು ಬಾವಿಯ ನೀರಲ್ಲ, ನಲ್ಲಿಯ ನೀರೂ ಅಲ್ಲ. ಆವಿ ಮಾಡಿ ಇಳಿಸಿದ ಶುದ್ಧ ನೀರು. ಮೇಲಿನಿಂದ ದೊಡ್ಡ ಗಾಜಿನ ಜಾಡಿಯಲ್ಲಿ ಬರುತ್ತಿತ್ತು. ಆ ಜಾಡಿಯಿದ್ದ ಕೋಣೆಯ ಬೀಗದ ಕೈ ಇಬ್ಬರ ಹತ್ತಿರವೇ, ಕೋದಂಡಪ್ಪನ ಹತ್ತಿರ ಒಂದು, ಆರುಮುಗಂ ಹತ್ತಿರ ಒಂದು.

ನಂದಿದುರ್ಗ ಗಣಿಯ ಕೆಲಸಗಾರರ ಮನೆಸಾಲಾದ ಲೈನಿನಲ್ಲಿ ಅವನಿಗೆ ಬ್ಯಾಟ್ರಿ ಕೋದಂಡಪ್ಪ ಎಂದೇ ಹೆಸರಾಯಿತು. 'ಏನ್ಲಾ ಬ್ಯಾಟ್ರಿ, ನಿನ್ನ ಎದೆಗೂ ಒಸಿ ಕರೆಂಟು ತುಂಬಿಸ್ಕೊ' ಎಂದು ಜೊತೆಯವರು ಕಿಚಾಯಿಸುತ್ತಿದ್ದರು. ಅವನೂ ನಗುತ್ತಿದ್ದ. ನಕ್ಕರೆ ಕೆಮ್ಮು ಬರುತ್ತಿತ್ತು, ಆದ್ದರಿಂದ ಸ್ವಲ್ಪವೇ ನಗುತ್ತಿದ್ದ.

ಅರವತ್ತೊಂದನೇ ಇಸವಿಯ ಯುಗಾದಿ ಕಳೆದ ಮೇಲೆ ಇಂಜಿನ್ ಮೊಂಡಾಟ ಶುರು ಮಾಡಿತು. ಹತ್ತರವರೆಗೆ ಓಡಬೇಕಾದದ್ದು ಎಂಟಕ್ಕೆ ನಿಂತಿತು. ಆಮೇಲೆ ಏಳಕ್ಕೆ. ಆಷಾಢದ ಹೊತ್ತಿಗೆ ಐದು ಗಂಟೆಗೇ ದಾರಿಯ ನಡುವೆ ಕಾಲು ಚಾಚಿ ಮಲಗತೊಡಗಿತು. ಆಗ ಎಂಟು ಜನ ಸೇರಿ ಟಬ್ಬುಗಳನ್ನೂ ತಳ್ಳಬೇಕು, ಇಂಜಿನ್ನನ್ನೂ ತಳ್ಳಬೇಕು. ಬೈಗುಳವೆಲ್ಲ ಕೋದಂಡಪ್ಪನಿಗೆ. ಕೂತು ಸಂಬಳ ತಿನ್ನುವವನು, ಅಷ್ಟೂ ಮಾಡಲಾರನೇ ಎಂದು. ಅವರ ಬೈಗುಳದಲ್ಲಿ ತಪ್ಪೇನಿತ್ತು? ಆ ಟಬ್ಬಿನ ಭಾರ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅವನು ಹುಡುಕದೆ ಬಿಟ್ಟ ಜಾಗವಿಲ್ಲ. ಸೆಲ್ಲುಗಳ ತಲೆಯ ಮೇಲೆ ಹಸಿರು ಬೂಷ್ಟು ಕಟ್ಟಿತ್ತು. ಸೋಡಾ ನೀರಿನಿಂದ ಉಜ್ಜಿ ತೊಳೆದು ಗ್ರೀಸು ಹಚ್ಚಿದ. ಎರಡು ದಿನ ಚೆನ್ನಾಗಿತ್ತು, ಮೂರನೆಯ ದಿನ ಮತ್ತೆ ಅದೇ ಹಾಡು. ಕರೆಂಟಿನ ಕೇಬಲ್ಲು ಬಿಸಿಯಾಗುತ್ತಿದೆಯೇ ಎಂದು ಮೊಳ ಮೊಳಕ್ಕೂ ಕೈಯಿಟ್ಟು ನೋಡಿದ. ಪ್ಲಗ್ಗಿನ ಒಂದು ಪಿನ್ನು ಕಪ್ಪಾಗಿತ್ತು. ಹಾ, ಸಿಕ್ಕಿತು ಕಳ್ಳ ಎಂದು ಹಿಗ್ಗಿ ಅದನ್ನು ಬದಲಾಯಿಸಿದ. ಇಂಜಿನ್ ಅವತ್ತು ಅರ್ಧ ಗಂಟೆ ಮುಂಚೆಯೇ ನಿಂತಿತು. ಆಸಿಡ್ಡಿನ ಹದ ನೋಡುವ ಗಾಜಿನ ಕೊಳವೆಯೊಂದಿತ್ತು. ಒಳಗಿನ ಬುರುಡೆ ಮೇಲೆ ತೇಲಿದರೆ ಸೆಲ್ಲು ತುಂಬಿದೆ ಎಂದರ್ಥ, ಮುಳುಗಿದರೆ ಖಾಲಿ. ನಲವತ್ತು ಸೆಲ್ಲಿಗೂ ಅದನ್ನು ಇಳಿಸಿ ಇಳಿಸಿ ನೋಡಿದ. ಎಂಟು ಗಂಟೆ ಕರೆಂಟು ಕುಡಿದ ಮೇಲೂ ಬುರುಡೆ ಮೇಲೇಳುತ್ತಿರಲಿಲ್ಲ. ಯಾರೋ ಮುನೇಶ್ವರನ ಕಾಟ ಎಂದರು. ಅವನಿಗೆ ಅದರಲ್ಲಿ ನಂಬಿಕೆಯಿರಲಿಲ್ಲ, ಆದರೂ ಇಂಜಿನ್ನಿನ ಮೂತಿಗೆ ನಿಂಬೆಹಣ್ಣು ಕಟ್ಟಿದ. ದಣಿದವನು ಏನನ್ನು ತಾನೇ ಕಟ್ಟುವುದಿಲ್ಲ?

ಶ್ರಾವಣದ ಮೊದಲ ವಾರ ಎಲೆಕ್ಟ್ರಿಕಲ್ ಫೋರ್‌ಮನ್ ಶ್ರೀರಾಮಪ್ಪ ಅವನನ್ನು ಕರೆಸಿದರು. ಕೆಟ್ಟ ಮನುಷ್ಯರಲ್ಲ. ಆದರೆ ಅವರ ಮೇಲೂ ಒಬ್ಬ ಕೂತಿದ್ದ.

"ಮೂರು ವರ್ಷದ ಬ್ಯಾಟರಿ ಇಷ್ಟು ಬೇಗ ತಾನಾಗೇ ಸಾಯಲ್ಲಯ್ಯ, ಯಾರೋ ಸಾಯಿಸಿರಬೇಕು. ಎಂಟು ದಿನ ಟೈಮು. ಏನಾಯ್ತು, ಯಾರಿಂದಾಯ್ತು, ನನಗೆ ಹೇಳು. ಹೇಳಿದ್ರೆ ನೀನು ಕೋಣೇಲೇ ಇರ್ತೀಯ. ಹೇಳಲಿಲ್ಲ ಅಂದ್ರೆ ನಿನ್ನನ್ನು ಟಬ್ಬಿಗೆ ಹಾಕ್ತಾರೆ. ನಾನು ತಡೆಯೋಕಾಗಲ್ಲ."

ಟಬ್ಬಿಗೆ ಹಾಕಿದರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಈ ಎದೆ ಇಟ್ಟುಕೊಂಡು ಅವನು ಒಂದು ತಿಂಗಳು ತಳ್ಳಲಾರ. ಆಮೇಲೆ ಡಾಕ್ಟರು ಕೆಲಸಕ್ಕೆ ಆಗದವನು ಎಂದು ಬರೆಯುತ್ತಾರೆ, ಲೈನು ಮನೆ ಬಿಡಬೇಕಾಗುತ್ತದೆ. ಹಳ್ಳಿಯಲ್ಲಿ ಅವನಿಗೆ ಇದ್ದದ್ದು ಅಣ್ಣನ ಮಕ್ಕಳ ದನದ ಕೊಟ್ಟಿಗೆಯ ಪಕ್ಕದ ಒಂದು ಕೋಣೆ.

ಮನೆಯಲ್ಲಿ ಇದನ್ನು ಅವನು ಹೇಳಲಿಲ್ಲ. ಹೆಂಡತಿ ಅಮ್ಮಾಜಮ್ಮ ಅವನ ಕೆಮ್ಮಿನ ಚಿಂತೆಯಲ್ಲೇ ಅರ್ಧವಾಗಿದ್ದಳು. ಯುಗಾದಿಯಿಂದಲೇ ದಿನಾ ಸಂಜೆ ಒಂದು ಕಷಾಯ ಕೊಡುತ್ತಿದ್ದಳು. ಪುಟ್ಟ ಪಾತ್ರೆಯಲ್ಲಿ ನೀರು ಕಾಯಿಸಿ, ಲೋಟದಲ್ಲಿದ್ದ ಮೆಣಸು ಶುಂಠಿಯ ಪುಡಿಯ ಮೇಲೆ ಹುಯ್ದು, ಅವನು ಕುಡಿದು ಮುಗಿಸುವವರೆಗೆ ಎದುರಿಗೇ ಕೂರುತ್ತಿದ್ದಳು. ಆಮೇಲೆ ಅದೇ ಪ್ರಶ್ನೆ.

"ಎಂಗೈತೆ ಇವತ್ತು?"

"ಕಮ್ಮಿ ಐತೆ ಕಣೇ. ನಿನ್ನ ಕಷಾಯ ಇಡೀತಾ ಐತೆ."

ಸುಳ್ಳು. ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿರಲಿಲ್ಲ. ಆದರೆ ಆ ಮಾತು ಕೇಳಿದಾಗ ಅವಳ ಮುಖ ಹಗುರವಾಗುತ್ತಿತ್ತು. ಅಷ್ಟು ಸುಲಭಕ್ಕೆ ಕೊಡಬಹುದಾದದ್ದು ಅವನ ಹತ್ತಿರ ಬೇರೇನೂ ಇರಲಿಲ್ಲ, ಹಾಗಾಗಿ ದಿನಾ ಕೊಟ್ಟ.

ಫೋರ್‌ಮನ್ ಕೊಟ್ಟ ಎಂಟು ದಿನದಲ್ಲಿ ಐದು ಕಳೆದವು. ಆರನೆಯ ದಿನ ಎಲ್ಲ ನೋಡಿಯಾದ ಮೇಲೆ ಅವನ ಕಣ್ಣು ನೀರಿನ ಜಾಡಿಯ ಮೇಲೆ ಬಿತ್ತು. ಅದರ ಮೇಲೆ ಅನುಮಾನ ಪಡಲು ಕಾರಣವೇ ಇರಲಿಲ್ಲ. ಚೀಟಿ ಅಂಟಿಸಿಕೊಂಡು ಮೇಲಿನಿಂದ ಬಂದದ್ದು. ಆದರೂ ಬಾಟಲಿಗೆ ಸ್ವಲ್ಪ ಬಗ್ಗಿಸಿಕೊಂಡ. ಶುದ್ಧ ನೀರಾದರೆ ಕಾಯಿಸಿ ಇಂಗಿಸಿದರೂ ತಳದಲ್ಲಿ ಏನೂ ಉಳಿಯಬಾರದು. ಸೆಲ್ಲುಗಳಿದ್ದ ಕೋಣೆಯಲ್ಲಿ ಬೆಂಕಿ ಹಚ್ಚುವಂತಿಲ್ಲ, ಅದಕ್ಕೇ ಬಾಟಲಿಯನ್ನು ಮನೆಗೆ ತಂದ.

ಒಲೆಯ ಮೇಲೆ ಒಂದು ತಟ್ಟೆಯಿಟ್ಟು ಆ ನೀರನ್ನು ಇಂಗಿಸಿದ. ತಳದಲ್ಲಿ ಬಿಳಿಯ ಉಪ್ಪು ಕೂತಿತು, ರಂಗೋಲಿ ಪುಡಿ ಉದುರಿಸಿದ ಹಾಗೆ. ಗಣಿಯ ಪೈಪಿನ ನೀರು! ಜಾಡಿಯಲ್ಲಿದ್ದದ್ದು ಗಣಿಯ ಉಪ್ಪು ನೀರು. ನಾಲ್ಕು ತಿಂಗಳಿಂದ ತನ್ನ ಕೈಯಾರೆ ಆ ಸೆಲ್ಲುಗಳಿಗೆ ಅವನೇ ವಿಷ ಹುಯ್ದಿದ್ದ.

"ಅಯ್ಯೋ, ತಟ್ಟೆ ಯಾಕೆ ಆಳ್ ಮಾಡ್ದೆ?" ಎಂದಳು ಅಮ್ಮಾಜಮ್ಮ. "ಕಷಾಯದ ಪಾತ್ರೇಲಿ ಕಾಸ್ಬಾರ್ದಿತ್ತಾ? ಅದು ಬೆಳ್ಳಗೆ ಕಟ್ಟಾಕಿಲ್ಲ."

ಅವನು ಆ ಪುಟ್ಟ ಪಾತ್ರೆಯನ್ನು ಕೈಗೆ ತೆಗೆದುಕೊಂಡ. ಆ ಲೈನಿನಲ್ಲಿ ಹಂಡೆ, ಚೊಂಬು, ಯಾವುದರ ತಳ ನೋಡಿದರೂ ಬಿಳಿ ಪದರ ಇರುತ್ತದೆ. ನಲ್ಲಿಯ ನೀರು ಅಂಥದ್ದು. ಈ ಪಾತ್ರೆಯಲ್ಲಿ ನಾಲ್ಕು ತಿಂಗಳು ದಿನಾ ನೀರು ಕಾಯಿಸಿದ್ದಾಳೆ. ತಳ ಕನ್ನಡಿಯಂತಿತ್ತು.

"ಈ ನೀರು ಎಲ್ಲಿಂದ ತತ್ತೀಯ?"

ಅವಳು ಹಿಂಜರಿದಳು. ಆಮೇಲೆ ಹೇಳಿದಳು. "ಸೂಜಿ ನೀರು. ಆಸ್ಪತ್ರೇಲಿ ಗಾಜಿನ ಬುಡ್ಡಿ ಮುರಿದು ಔಸದಿಗೆ ಬೆರ್ಸಿ ಸೂಜಿ ಆಕ್ತಾರಲ್ಲಾ, ಅದೇ ನೀರು. ಅದ್ರಾಗೇ ಇರೋದಂತೆ ಸಕ್ತಿ. ಕಾಂಪೌಂಡ್ರು ತಾವ ಈಸ್ಕೊಂಡು ಆರುಮುಗಂ ತಂದ್ಕೊಡ್ತಾನೆ, ಬೆಳಿಗ್ಗೆ ನೀನು ಕೆಲ್ಸಕ್ಕೋದ ಮ್ಯಾಲೆ. ಮೊದ್ಲು ವಾರಕ್ಕೊಂದು ಬಾಟ್ಲಿ ತತ್ತಿದ್ದ. ನಿಂಗೆ ಕಮ್ಮಿ ಆತೈತೆ ಅಂತ ಅವ್ನಿಗೆ ಅಂದೆನಲ್ಲಾ, ಆಗಿಂದ ದಿನಾ ತತ್ತಾನೆ. ಬಂಗಾರದಂತ ಉಡ್ಗ."

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುತ್ತಾರಲ್ಲ, ಕೋದಂಡಪ್ಪ ಜಾಡಿಯ ನೀರನ್ನು ತನ್ನ ಹೊಟ್ಟೆಯಲ್ಲೇ ಇಟ್ಟುಕೊಂಡು ಕೇಬಲ್ಲು ತಡವಿದ್ದ. ಅವನು ಹೊರಗೆ ಹೋಗಿ ಜಗಲಿಯ ಮೇಲೆ ಕೂತ. ಎದುರಿಗೆ, ಚಿನ್ನ ತೆಗೆದ ಮೇಲೆ ಸುರಿದ ಕಲ್ಲುಪುಡಿಯ ಬೂದಿದಿಬ್ಬ ಬೆಳ್ಳಗೆ ಬಿದ್ದಿತ್ತು. ಯಾರ ಮೇಲೆ ಸಿಟ್ಟು ಮಾಡಬೇಕೆಂದೇ ಅವನಿಗೆ ತಿಳಿಯಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಎರಡಕ್ಕೆ ಆರುಮುಗಂ ಕೋಣೆಗೆ ಬಂದಾಗ ಕೋದಂಡಪ್ಪ ಜಾಡಿಯ ಪಕ್ಕದಲ್ಲೇ ನಿಂತಿದ್ದ.

"ಇದ್ರಿಂದ ತಕ್ಕಂಡು ಪೈಪ್ ನೀರು ಬಿಟ್ಯೇನ್ಲಾ?"

ಆರುಮುಗಂ ಮುಖ ಬಿಳುಚಿಕೊಂಡಿತು. ಅವನಿಗೆ ಮಾತು ತೊಡರಿದಾಗ ತಮಿಳು ಮೊದಲು ಬರುತ್ತಿತ್ತು. "ಅಯ್ಯೋ ಅಣ್ಣೇ... ಸೂಜಿ ನೀರೂ ಇದೂ ಒಂದೇ ಅಂತ ಅಕ್ಕನಿಗೆ ಇದನ್ನೇ ಕೊಟ್ಟೆ. ಪೈಪ್ ನೀರೂ ನೀರೇ ಅಲ್ವಾ ಅಂದ್ಕೊಂಡೆ ಅಣ್ಣೇ. ಜಾಡಿ ಕಮ್ಮಿ ಕಾಣ್ಬಾರ್ದು ಅಂತ ಉಯ್ದ್ಬಿಟ್ಟೆ. ನಮ್ಮಪ್ಪ ಇದೇ ಕೆಮ್ಮಲ್ಲಿ ಸತ್ತ. ಅವನಿಗೆ ಯಾರೂ ಏನೂ ಕೊಡಲಿಲ್ಲ. ಅಕ್ಕ ಬಂದು ಅಣ್ಣನಿಗೆ ಕಮ್ಮಿ ಆಯ್ತಪ್ಪಾ ಅಂದಾಗ ನಂಗೆ ನಮ್ಮಪ್ಪನೇ ಎದ್ದು ಕೂತಂಗಾಯ್ತು."

ಕೋದಂಡಪ್ಪ ಹೊಡೆಯಲು ಕೈ ಎತ್ತಿದ. ನಿಜವಾಗಿಯೂ ಹೊಡೆಯುವಷ್ಟು ಸಿಟ್ಟು ಬಂದಿತ್ತು. ಆದರೆ ಕೈ ಎತ್ತಿದ್ದಕ್ಕೇ ಕೆಮ್ಮು ಒತ್ತಿಕೊಂಡು ಬಂತು. ಹೊಡೆಸಿಕೊಳ್ಳಬೇಕಾದವನೇ ಅವನ ಬೆನ್ನು ನೀವಿ ಕೂರಿಸಿದ.

"ನಾನೇ ಓಗಿ ಫೋರ್‌ಮನ್‌ಗೆ ನಂದೇ ತಪ್ಪು ಅಂತೀನಿ ಅಣ್ಣೇ."

"ಒಪ್ಕಂಡ್ರೆ ಕಳ್ಳ ಅಂತ ಬರೀತಾರೆ. ಅಡಿಕೆ ಕದ್ರೂ ಕಳ್ಳನೇ, ಆನೆ ಕದ್ರೂ ಕಳ್ಳನೇ. ನಿಂಗೆ ನಾಕು ಮಕ್ಕಳು ಕಣ್ಲಾ. ಸುಮ್ನಿರು."

ಇನ್ನೊಂದೇ ದಿನ ಉಳಿದಿತ್ತು. ಕೋದಂಡಪ್ಪ ದೊಡ್ಡ ತ್ಯಾಗಿಯೇನಲ್ಲ. ಆರುಮುಗಂ ಹೆಸರು ಹೇಳಿ ಕೋಣೆ ಉಳಿಸಿಕೊಳ್ಳುವ ಯೋಚನೆ ಅವನಿಗೂ ಬಂತು; ಆಗಾಗ ಬಂತು; ಗಣಿಯಿಂದ ಮೇಲೆತ್ತುವ ಕೇಜಿನಲ್ಲಿ ಬರುವಾಗಂತೂ ಬಾಯಿಗೇ ಬಂದಿತ್ತು. ಆದರೆ ಹೆಸರು ಹೇಳಿದರೆ ಆಮೇಲಿನ ಪ್ರಶ್ನೆ ಯಾರಿಗಾಗಿ ಕದ್ದ ಎಂಬುದು. ಎಷ್ಟು ಸುತ್ತಿದರೂ ದಾರಿ ತನ್ನ ಬಾಗಿಲಿಗೇ ಬರುತ್ತಿತ್ತು. ಕಡಿಮೆಯಾಗಿದೆ ಎಂದು ತಾನು ಸುಳ್ಳು ಹೇಳದಿದ್ದರೆ ಎರಡನೆಯ ಬಾಟಲಿ ಬರುತ್ತಲೇ ಇರಲಿಲ್ಲ.

ಎಂಟನೆಯ ದಿನ ಅವನು ಫೋರ್‌ಮನ್ ಎದುರು ನಿಂತ.

"ಜಾಡಿ ನೀರು ಕೆಟ್ಟೋಗೈತೆ ಸಾಮಿ. ಪೈಪ್ ನೀರು ಸೇರೈತೆ."

"ಜಾಡೀಲಿದ್ದ ನೀರು ಏನಾಯ್ತು?"

"ನಾನು ಕುಡ್ದೆ."

ಶ್ರೀರಾಮಪ್ಪ ಅವನನ್ನೇ ನೋಡಿದರು. "ಕೆಮ್ಮಿಗಾ? ಅದರಲ್ಲಿ ಏನೂ ಇಲ್ಲ ಕಣಯ್ಯ. ಬರೀ ನೀರು. ಅದು ನಿನಗೇ ಗೊತ್ತಲ್ಲ."

"ಗೊತ್ತು ಸಾಮಿ."

"ಗೊತ್ತಿದ್ದೂ ಕುಡಿದೆಯಾ?"

ಶ್ರೀರಾಮಪ್ಪ ಸ್ವಲ್ಪ ಹೊತ್ತು ಕಾದರು, ಬೇರೆ ಯಾವುದಾದರೂ ಹೆಸರು ಬರಲಿ ಎಂಬಂತೆ. ಬರಲಿಲ್ಲ. ಕಾಗದ ಎಳೆದುಕೊಂಡು ಬರೆದರು.

ಹೊಸ ಬ್ಯಾಟರಿ ಬಂತು, ಕೋಣೆಗೆ ಹೊಸಬ ಬಂದ. ಇಂಜಿನ್ ಮತ್ತೆ ಹತ್ತರವರೆಗೆ ಓಡತೊಡಗಿತು. ಇಂಜಿನ್ ಇಲ್ಲದ ಇನ್ನೊಂದು ಸುರಂಗದಲ್ಲಿ ಕೋದಂಡಪ್ಪ ಟಬ್ಬು ತಳ್ಳಿದ. ಅವನ ಪಾಲನ್ನು ಜೊತೆಯವರೇ ತಳ್ಳುತ್ತಿದ್ದರು, ಅವನು ಕೈಯಿಟ್ಟು ನಡೆಯುತ್ತಿದ್ದ ಅಷ್ಟೆ. ಹಾಗೆಯೇ ಹತ್ತೊಂಬತ್ತು ದಿನ ನಡೆದ. ಇಪ್ಪತ್ತನೆಯ ದಿನ ಅವನನ್ನು ಹೊತ್ತು ಮೇಲೆ ತಂದರು. ಡಾಕ್ಟರು ಬರೆಯಬೇಕಾದದ್ದನ್ನು ಬರೆದರು.

ಮನೆ ಬಿಟ್ಟ ದಿನ ಬಂಗಾರಪೇಟೆಯವರೆಗೆ ರೈಲಿನಲ್ಲಿ ಬಂದು, ಬೂದಿಕೋಟೆಯ ಬಸ್ಸಿಗಾಗಿ ಗಂಡ ಹೆಂಡತಿ ಕಾದು ಕೂತರು. ಒಂದು ಟ್ರಂಕು, ಎರಡು ಗಂಟು. ಬಿಸಿಲು ಚುರುಗುಟ್ಟುತ್ತಿತ್ತು. ಬಸ್ಸು ಯಾವಾಗ ಬರುತ್ತದೋ ಕೇಳಲೂ ಅವನಿಗೆ ಉಸಿರಿರಲಿಲ್ಲ. ಆರುಮುಗಂ ಹಿಂದಿನ ದಿನ ಬಂದು ಅಮ್ಮಾಜಮ್ಮನ ಎದುರು ಅತ್ತು ಎಲ್ಲವನ್ನೂ ಹೇಳಿ ಹೋಗಿದ್ದ. ಅವಳು ಆ ಮಾತೆತ್ತಿರಲಿಲ್ಲ, ಅವನೂ ಎತ್ತಿರಲಿಲ್ಲ. ಈಗ ಅವನಿಗೆ ಸುಳ್ಳು ಹೊರಲೂ ಶಕ್ತಿ ಸಾಲದಾಯಿತು.

"ನಂಗೆ ಕೆಮ್ಮು ಯಾವತ್ತೂ ಕಮ್ಮಿ ಆಗಿರ್ಲಿಲ್ಲ ಕಣೇ. ಸುಮ್ಕೆ ಅಂದಿದ್ದೆ."

ಅಮ್ಮಾಜಮ್ಮ ಸೆರಗಿನಿಂದ ಅವನ ಕತ್ತಿನ ಬೆವರು ಒರೆಸಿದಳು.

"ಗೊತ್ತಿತ್ತು. ಪಕ್ದಾಗೇ ಮಲಗೋಳು ನಾನು, ನಂಗೆ ಕೇಳಾಕಿಲ್ವಾ? ಕಮ್ಮಿ ಐತೆ ಅನ್ನೋವಾಗ ನಿನ್ನ ಮಕ ಒಸಿ ಗೆಲುವಾಗ್ತಿತ್ತು. ದಿನದಾಗೆ ಅದೊಂದು ಗಳಿಗೆ. ಅದನ್ನ ನೋಡಾಕೇ ಆ ನೀರು ತರಿಸ್ತಿದ್ದೆ."